ಕಾಲಜ್ಞಾನಿ ಕೈಬಿಟ್ಟ ಹೆಸರು

ಬೆಲ್ ಒತ್ತಿದರೂ ಒಳಗೆ ಸದ್ದಾಗಲಿಲ್ಲ. ಬಾಗಿಲ ಪಕ್ಕದ ಮಸುಕು ಗಾಜಿನ ಹಿಂದೆ ಹಳದಿ ದೀಪವೊಂದು ಹತ್ತಿ ಆರಿತು.

ಇನ್ಸ್‌ಪೆಕ್ಟರ್ ಇನ್ನೊಮ್ಮೆ ಒತ್ತಿದಳು. ಮತ್ತೆ ಅದೇ ದೀಪ.

"ಬೆಲ್ ಕೆಟ್ಟೋಗಿದೆ ಮೇಡಂ. ಬಾಗಿಲು ತಟ್ಲಾ?" ಎಂದ ಹಿಂದೆ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರಿಗಿಂತ ಹಿರಿಯ. ಹಿಡಿದು ತಂದ ಕಳ್ಳರು ಕೂಡ ಎರಡನೇ ದಿನಕ್ಕೆ ಅವನನ್ನು 'ದೊಡ್ಡಪ್ಪ' ಎನ್ನತೊಡಗುತ್ತಿದ್ದರು.

"ಬೇಡ ದೊಡ್ಡಪ್ಪ. ಯಾರೋ ಬರ್ತಿದಾರೆ."

"ಕಾಲಜ್ಞಾನಿ ಮನೆ ಅಲ್ವಾ ಮೇಡಂ? ನಾವು ಬರೋದು ಮೊದಲೇ ಗೊತ್ತಾಗಿ ಬಾಗಿಲು ತೆಗೆದೇ ಇಡಬೇಕಿತ್ತು."

ಅವಳು ನಗಲಿಲ್ಲ. ಭಾನುವಾರದಿಂದ ಅವಳಿಗೆ ನಗು ಬಂದಿರಲಿಲ್ಲ. ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಹಾಡಿ, ಮೂವರು ತೀರ್ಪುಗಾರರಿಂದಲೂ ಪೂರ್ತಿ ಅಂಕ ಪಡೆದು, ಮೇಕಪ್ ಕೋಣೆಗೆ ಹೋಗಿ ಕುಸಿದುಬಿದ್ದ 'ಗುಬ್ಬಿ' ಎಂಬ ಹುಡುಗಿ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಗಂಟಲು ಸುಟ್ಟುಹೋಗಿತ್ತು. ಕೊನೆಯಲ್ಲಿ ಅವಳ ಜೊತೆಗಿದ್ದವನು ಅವಳ ಅಣ್ಣ, ಲಿಫ್ಟ್ ರಿಪೇರಿ ಮಾಡುವವನು. ಅವನು ತಂದಿದ್ದ ಫ್ಲಾಸ್ಕಿನಲ್ಲಿ ನೆಲ ತೊಳೆಯುವ ಆಸಿಡ್ ಸಿಕ್ಕಿತ್ತು. ಸದ್ಯಕ್ಕೆ ಅವನನ್ನು ವಿಚಾರಣೆಗೆಂದು ಠಾಣೆಯಲ್ಲಿ ಕೂರಿಸಿಕೊಂಡಿದ್ದರು. ನಾಳೆ ಬೆಳಿಗ್ಗೆ ಬಂಧನ ತೋರಿಸಿ ಕೋರ್ಟಿಗೆ ಹಾಜರುಪಡಿಸಿ ಎಂದು ಸಾಹೇಬರು ಹೇಳಿಯಾಗಿತ್ತು.

ಆ ಲೆಕ್ಕಕ್ಕೆ ಒಂದೇ ಒಂದು ಸಂಗತಿ ಕೂಡಿಬರುತ್ತಿರಲಿಲ್ಲ. ಅದಕ್ಕಾಗಿಯೇ ಅವಳು ಈ ಮೆಟ್ಟಿಲು ಹತ್ತಿದ್ದು.

ಬಾಗಿಲು ತೆರೆದವಳು ಮನೆಯೊಡತಿ. ಐವತ್ತು ದಾಟಿದ ಹೆಂಗಸು. ಕೈಗೆ ಹಿಟ್ಟು ಮೆತ್ತಿತ್ತು. ಸಮವಸ್ತ್ರ ನೋಡಿದವಳೇ ಹಿಂದಕ್ಕೆ ತಿರುಗಿ ಗಂಡನತ್ತ ಕೈಯೆತ್ತಿ ಆಡಿಸಿದಳು. ಕೂಗಲಿಲ್ಲ.

ಕಾಲಜ್ಞಾನಿ ಟಿವಿಯ ಮುಂದೆ ಕುಳಿತಿದ್ದ. ಪತ್ರಿಕೆಯಲ್ಲಿ ವಾರವಾರವೂ 'ಮುಂದಿನ ಸುತ್ತಿಗೆ ಯಾರು?' ಎಂಬ ಅಂಕಣ ಬರೆಯುವ ಸಂಗೀತ ವಿಮರ್ಶಕ. ಈ ಸ್ಪರ್ಧೆ ಶುರುವಾದಾಗಿನಿಂದ ಅವನು ಬರೆದದ್ದು ಒಮ್ಮೆಯೂ ಸುಳ್ಳಾಗಿರಲಿಲ್ಲ. ಪತ್ರಿಕೆಯವರೇ ಅವನಿಗೆ ಆ ಹೆಸರಿಟ್ಟಿದ್ದರು.

"ನಮ್ಮನೇಲಿ ನಿಮ್ಮಿಂದ ಪ್ರತಿ ವಾರ ಜಗಳ ಸಾರ್," ಎಂದ ದೊಡ್ಡಪ್ಪ, ಕುರ್ಚಿಯ ತುದಿಯಲ್ಲಿ ಕೂರುತ್ತ. "ನಾನು ಯಾರಿಗೆ ವೋಟು ಹಾಕ್ತೀನೋ ಅವರನ್ನೇ ನೀವು ಕೈಬಿಡ್ತೀರಿ. ಪೇಪರ್ ಬಂದ ತಕ್ಷಣ ನಮ್ಮವಳು ಅಡುಗೆಮನೆಯಿಂದಾನೇ ನಗ್ತಾಳೆ."

ಕಾಲಜ್ಞಾನಿ ಅವನ ಮುಖವನ್ನೇ ನೋಡುತ್ತಿದ್ದು, ಮಾತು ಮುಗಿದ ಮೇಲೆ ಮೆಲ್ಲಗೆ ನಕ್ಕ.

ಇನ್ಸ್‌ಪೆಕ್ಟರ್ ಕೋಣೆಯನ್ನು ನೋಡಿದಳು. ಒಂದು ಗೋಡೆಯುದ್ದಕ್ಕೂ ಕ್ಯಾಸೆಟ್ಟುಗಳು, ಅವುಗಳ ಮೇಲೆ ಬೆರಳಿಟ್ಟರೆ ಗುರುತು ಉಳಿಯುವಷ್ಟು ಧೂಳು. ಎತ್ತರದ ಎರಡು ಸ್ಪೀಕರ್‌ಗಳ ಮೇಲೆ ಇಸ್ತ್ರಿ ಮಾಡಿದ ಬಟ್ಟೆಯ ಗಂಟು. ಟಿವಿಯ ಗಾಜು ಮಾತ್ರ ಥಳಥಳ ಹೊಳೆಯುತ್ತಿತ್ತು. ಪರದೆಯ ಮೇಲೆ ಯಾರೋ ಹಾಡುತ್ತಿದ್ದರು. ಸದ್ದು ಇರಲಿಲ್ಲ.

ಅವಳು ಎದ್ದು ಕಿಟಕಿಯ ಬಳಿ ಹೋಗಿ, ಅವನಿಗೆ ಬೆನ್ನು ಹಾಕಿ ನಿಂತಳು.

"ಭಾನುವಾರ ನೀವು ಸಭಾಂಗಣದಲ್ಲೇ ಇದ್ರಿ. ವಿರಾಮದಲ್ಲಿ ಫೋನಿನಿಂದಲೇ ಆರು ಹೆಸರು ಪತ್ರಿಕೆಗೆ ಕಳಿಸಿದ್ರಿ. ಅದು ಪತ್ರಿಕೆಯ ವೆಬ್‌ಸೈಟಿನಲ್ಲಿ ಬಂದಾಗ ಗುಬ್ಬಿ ಬಿದ್ದಿರೋದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಅಂಕ ತಗೊಂಡವಳು ಅವಳು. ಅವಳ ಹೆಸರು ಯಾಕೆ ಬಿಟ್ರಿ?"

ಉತ್ತರವಿಲ್ಲ.

"ಅಂಕ ಒಂದೇ ಸಾಕಾಗಲ್ಲಮ್ಮ, ಜನರ ವೋಟೂ ಬೇಕಲ್ವಾ," ಎಂದಳು ಹೆಂಡತಿ, ಅವಸರದಲ್ಲಿ. "ಇವರದ್ದು ಒಂದು ಅಂದಾಜು ಅಷ್ಟೇ."

"ನಾನು ಅವರನ್ನ ಕೇಳಿದ್ದು."

ಇನ್ಸ್‌ಪೆಕ್ಟರ್ ದನಿ ಏರಿಸದೆ, ಕಿಟಕಿಯಿಂದಾಚೆ ನೋಡುತ್ತಲೇ ಹೇಳಿದಳು: "ಸಾರ್, ನಿಮ್ಮ ಅಂಗಿ ಮೇಲೆ ದೊಡ್ಡ ಹುಳ ಕೂತಿದೆ."

ಕಿಟಕಿಯ ಗಾಜಿನಲ್ಲಿ ಅವಳಿಗೆ ಕೋಣೆ ಕಾಣುತ್ತಿತ್ತು. ದೊಡ್ಡಪ್ಪ ತಿರುಗಿ ಅಂಗಿ ನೋಡಿದ. ಹೆಂಡತಿ ತಿರುಗಿ ನೋಡಿದಳು. ಅಂಗಿ ತೊಟ್ಟವನು ಮಾತ್ರ ಟಿವಿ ನೋಡುತ್ತ ಕುಳಿತಿದ್ದ.

ಹೆಂಡತಿಗೆ ತಾವು ಸಿಕ್ಕಿಬಿದ್ದದ್ದು ಅರಿವಾಯಿತು. ಹಿಟ್ಟಿನ ಕೈಯನ್ನು ಬಾಯಿಗೆ ಒತ್ತಿಕೊಂಡಳು.

"ದೊಡ್ಡಪ್ಪ, ನೀವು ಸ್ವಲ್ಪ ಕೆಳಗೆ ಜೀಪ್ ಹತ್ರ ಇರಿ."

ಅವನು ಒಂದು ಮಾತೂ ಕೇಳದೆ ಎದ್ದು ಹೋದ. ಬಾಗಿಲು ಎಳೆದುಕೊಳ್ಳುವಾಗ, ಸದ್ದಾಗಬಾರದೆಂಬಂತೆ, ಚಿಲಕವನ್ನು ಕೈಯಲ್ಲಿ ಹಿಡಿದುಕೊಂಡ.

ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕಾಲಜ್ಞಾನಿಯ ಎದುರು ಕುಳಿತಳು. ಬೆಳಕು ತನ್ನ ಮುಖದ ಮೇಲೆ ಬೀಳುವಂತೆ.

"ಎಷ್ಟು ದಿನದಿಂದ?"

ಅವನು ಹೆಂಡತಿಯನ್ನು ನೋಡಿದ. ಅವಳ ಕಣ್ಣು ತುಂಬಿತ್ತು. ಅಷ್ಟರಲ್ಲೇ ಅವನಿಗೆ ಎಲ್ಲ ಅರ್ಥವಾಯಿತು.

"ಜ್ವರ ಬಂದಿತ್ತು. ಬಿಟ್ಟು ಹೋಗೋವಾಗ ಕಿವಿ ತಗೊಂಡು ಹೋಯ್ತು," ಎಂದ. ದನಿ ಅಗತ್ಯಕ್ಕಿಂತ ತುಸು ಜೋರಾಗಿತ್ತು. ಅದನ್ನೂ ಅವಳು ಈಗ ಗಮನಿಸಿದಳು. "ವರ್ಷಗಳಾದವು. ಈಗ ನೀವು ಆಡೋದು ನನಗೆ ನಿಮ್ಮ ತುಟಿ ಮೇಲೆ ಕಾಣತ್ತೆ. ಮುಖ ತಿರುಗಿಸಿದ್ರೆ ನೀವು ನನಗಿಲ್ಲ."

"ಪತ್ರಿಕೆಯವರಿಗೆ?"

"ಸಂಗೀತ ವಿಮರ್ಶಕ ಕಿವುಡ ಅಂತ ಗೊತ್ತಾದ್ರೆ ಯಾರು ಓದ್ತಾರೆ? ನಗ್ತಾರೆ."

"ಫೋನೆಲ್ಲ ನಾನೇ ಎತ್ತೋದು," ಎಂದಳು ಹೆಂಡತಿ. "ಹೊರಗೆ ಹೋದ್ರೆ ಇವರ ಎದುರು ಕೂತ್ಕೋತೀನಿ. ಕೇಳಿದವರ ಮಾತನ್ನ ಬಾಯಾಡಿಸಿ ತೋರಿಸ್ತೀನಿ. ನೋಡಿದೋರು ನನ್ನನ್ನ ಅರೆಹುಚ್ಚಿ ಅಂದ್ಕೊಂಡಿದಾರೆ. ಅಂದ್ಕೊಳ್ಳಲಿ."

"ಮತ್ತೆ ಆರಕ್ಕೆ ಆರು ಹೆಸರು ಸರಿಯಾಗಿ ಹೇಗೆ ಬರೀತೀರಿ?"

ಆ ಪ್ರಶ್ನೆಗೆ ಅವನ ಮುಖ ಮೊದಲ ಬಾರಿಗೆ ಸ್ವಲ್ಪ ಬಿಚ್ಚಿಕೊಂಡಿತು.

"ಕೇಳೋರು ಹಾಡಲ್ಲಿ ಮುಳುಗಿಹೋಗ್ತಾರೆ ಮೇಡಂ. ಮೊದಲು ನಾನೂ ಹಾಗೇ ಇದ್ದೆ, ಆಗ ನನ್ನ ಅಂದಾಜು ಅರ್ಧಕ್ಕರ್ಧ ತಪ್ಪು. ಈಗ ಬರೀ ನೋಡ್ತೀನಿ. ನಡುವಿನ ಕುರ್ಚಿಯ ತೀರ್ಪುಗಾರ ಮೆಚ್ಚಿದಾಗ ಬೆನ್ನು ಒರಗಿಸ್ತಾನೆ, ಹೊಗಳೋಕೆ ಅಂತ ಹೊಗಳೋವಾಗ ಮುಂದಕ್ಕೆ ಬಾಗ್ತಾನೆ. ಜನ ಚಪ್ಪಾಳೆ ತಟ್ಟೋವಾಗ ಅಕ್ಕಪಕ್ಕದವರ ಮುಖ ನೋಡಿದ್ರೆ ಅದು ಮರ್ಯಾದೆಗೆ; ನೋಡದೆ ತಟ್ಟಿದ್ರೆ ಮನೆಗೆ ಹೋಗಿ ವೋಟು ಹಾಕ್ತಾರೆ. ಇನ್ನು ಹಾಡೋರು... ಅವರ ಉಸಿರು. ಕುತ್ತಿಗೆ ಬುಡದಲ್ಲಿ ಒಂದು ಗುಳಿ ಇದೆಯಲ್ಲ, ಅದು. ಉಸಿರು ಸಾಲದೆ ಹೋದ್ರೆ ಎಲ್ಲಕ್ಕಿಂತ ಮೊದಲು ಅಲ್ಲಿ ಗೊತ್ತಾಗತ್ತೆ."

"ಗುಬ್ಬಿಯ ಕುತ್ತಿಗೆಯಲ್ಲಿ ಏನು ಕಾಣಿಸ್ತು?"

ಅವನು ಎದ್ದು ರಿಮೋಟ್ ತೆಗೆದುಕೊಂಡ. ಚಾನೆಲ್‌ನವರು ವಿಮರ್ಶಕರಿಗೆಂದು ಕಳಿಸಿದ್ದ ವಿಡಿಯೊ ಹಚ್ಚಿ, ಹಿಂದಕ್ಕೆ ಓಡಿಸಿ, ನಿಲ್ಲಿಸಿದ.

ಇನ್ಸ್‌ಪೆಕ್ಟರ್ ಆ ಹಾಡನ್ನು ಠಾಣೆಯಲ್ಲಿ ಹಲವು ಸಲ ನೋಡಿದ್ದಳು. ಪ್ರತಿ ಸಲವೂ ಆ ದನಿಗೆ ಅವಳ ಮೈ ಜುಮ್ಮೆಂದಿತ್ತು. ಪ್ರತಿ ಸಲವೂ ಕೊನೆಯ ಚರಣ ಬರುವಷ್ಟರಲ್ಲಿ ತಾನು ಏನು ಹುಡುಕುತ್ತಿದ್ದೇನೆಂಬುದೇ ಮರೆತುಹೋಗಿತ್ತು.

ಈಗ ಸದ್ದಿಲ್ಲ. ನೀಲಿ ಬೆಳಕಿನಲ್ಲಿ ನಿಂತ ಸಣಕಲು ಹುಡುಗಿ. ತೆರೆದ ಬಾಯಿ. ಮೈಕು ಹಿಡಿದ ಕೈ. ಕೊನೆಯ ಚರಣದ, ಎಳೆದು ಹಿಡಿದ ಸ್ವರ ಅದು. ಅವತ್ತು ಇಡೀ ಸಭೆ ಎದ್ದು ನಿಂತಿದ್ದು ಅದಕ್ಕೇ.

"ಈಗ ನೋಡಿ," ಎಂದ ಕಾಲಜ್ಞಾನಿ. "ಮುಖ ನೋಡಬೇಡಿ. ಕತ್ತು ನೋಡಿ."

ಗುಳಿ ಅಲುಗಲಿಲ್ಲ. ನರ ಉಬ್ಬಲಿಲ್ಲ. ಬಾಯಿ ಹಾಗೇ ತೆರೆದಿತ್ತು. ಆಮೇಲೆ ಗಂಟಲ ಮೂಳೆ ಮೇಲಕ್ಕೆ ಹೋಗಿ, ತಡೆದು, ಕೆಳಗಿಳಿಯಿತು. ಅದರ ಹಿಂದೆಯೇ ಕಣ್ಣಿನ ಸುತ್ತ ಚರ್ಮ ಹಿಂಡಿಕೊಂಡಿತು.

"ಇನ್ನೊಂದು ಸಲ," ಎಂದಳು ಇನ್ಸ್‌ಪೆಕ್ಟರ್.

ಅವನು ಮತ್ತೆ ತೋರಿಸಿದ.

"ಸ್ವರ ಹಿಡಿದಿರೋವಾಗ ಯಾರಾದ್ರೂ ಎಂಜಲು ನುಂಗೋಕಾಗತ್ತಾ ಮೇಡಂ?"

ಅವಳು ಅವನ ಕೈಯಿಂದ ರಿಮೋಟ್ ತೆಗೆದುಕೊಂಡು ಸದ್ದು ಏರಿಸಿದಳು. ಧೂಳು ಹಿಡಿದ ಕೋಣೆಯಲ್ಲಿ ಗುಬ್ಬಿಯ ದನಿ ತುಂಬಿತು. ಒಂದೆಳೆಯೂ ನಡುಗದೆ, ಎಲ್ಲೂ ತುಂಡಾಗದೆ. ಪರದೆಯ ಮೇಲಿನ ಗಂಟಲು ನುಂಗಿತು. ದನಿ ಹರಿಯುತ್ತಲೇ ಇತ್ತು.

ಹೆಂಡತಿ ಟಿವಿಯ ಮುಂದೆ ನೆಲದ ಮೇಲೆ ಕುಳಿತಳು. "ಅಯ್ಯೋ, ಇವರು ಹೇಳಿದ್ದು ನಿಜಾನೇ... ನಾನು ಕೇಳಿ ಅತ್ತುಬಿಟ್ಟಿದ್ದೆನಲ್ಲ."

ಇನ್ಸ್‌ಪೆಕ್ಟರ್‌ಗೆ ಅಲ್ಲಿಂದ ಮುಂದಿನದು ಹೆಜ್ಜೆಗೊಂದರಂತೆ ಕಾಣಿಸಿತು. ವಾದ್ಯಗಳೆಲ್ಲ ಮೊದಲೇ ಧ್ವನಿಮುದ್ರಿಸಿದವು, ಹಾಡುವ ದನಿ ಮಾತ್ರ ಆ ಗಳಿಗೆಯದು ಎಂಬುದು ಆ ಚಾನೆಲ್‌ನ ಜಂಬ. ಆದರೆ ಹಿಂದಿನ ದಿನದ ತಾಲೀಮಿನಲ್ಲಿ ಪ್ರತಿಯೊಬ್ಬರ ಹಾಡನ್ನೂ ಪೂರ್ತಿ ಧ್ವನಿಮುದ್ರಿಸಿ ಇಟ್ಟುಕೊಳ್ಳುತ್ತಾರೆ, ಮೈಕು ಕೈಕೊಟ್ಟರೆ ಇರಲಿ ಎಂದು. ಸೌಂಡ್ ಎಂಜಿನಿಯರ್ ಅದನ್ನು ಅವಳಿಗೆ ತಾನಾಗಿಯೇ ಹೇಳಿದ್ದ. ಭಾನುವಾರ ಅದರ ಅಗತ್ಯ ಬೀಳಲಿಲ್ಲ ಎಂದೂ ಹೇಳಿದ್ದ. ಆಣೆ ಮಾಡಿ.

ಅಂದರೆ ಗುಬ್ಬಿ ವೇದಿಕೆ ಹತ್ತುವ ಮೊದಲೇ ದನಿ ಕಳೆದುಕೊಂಡಿದ್ದಳು. ಅದು ಇನ್ನೊಬ್ಬರಿಗಾದರೂ ಗೊತ್ತಿತ್ತು.

ಡಾಕ್ಟರ್ ಹೇಳಿದ್ದು ಈಗ ಕೂಡಿಬಂತು: ಸುಟ್ಟ ಗಂಟಲು ತಕ್ಷಣ ಮುಚ್ಚಿಕೊಳ್ಳುವುದಿಲ್ಲ, ನಿಧಾನಕ್ಕೆ ಊದಿ ಉಸಿರು ಕಟ್ಟುತ್ತದೆ. ಅವಳ ಅಣ್ಣ ಪಾಸ್ ಇಲ್ಲದೆ ಗೇಟಿನಲ್ಲೇ ಸಿಕ್ಕಿಕೊಂಡಿದ್ದು, ಫ್ಲಾಸ್ಕ್ ಹಿಡಿದು ಒಳಗೆ ಬಂದದ್ದು ಅವಳ ಹಾಡು ಮುಗಿದ ಮೇಲೆ. ಗೇಟಿನ ಕ್ಯಾಮೆರಾದಲ್ಲಿ ಅದು ಸ್ಪಷ್ಟವಾಗಿತ್ತು. ಇಲ್ಲಿಯವರೆಗೆ ಅದೇ ಅವನ ಕುತ್ತಿಗೆಗೆ ಬಿಗಿದ ಹಗ್ಗವಾಗಿತ್ತು. ಈಗ ಅದೇ ಅವನನ್ನು ಬಿಡಿಸುತ್ತಿತ್ತು. ಫ್ಲಾಸ್ಕಿಗೆ ಆಸಿಡ್ ಬಿದ್ದದ್ದು ಆಮೇಲೆ, ಅವನನ್ನು ಸಿಕ್ಕಿಸಲೆಂದು. ಅಷ್ಟು ನೋವಿನಲ್ಲೂ ಹುಡುಗಿ ಯಾರಿಗೂ ಹೇಳದೆ ವೇದಿಕೆ ಹತ್ತಿದ್ದು ಯಾಕೆ ಎಂಬುದೊಂದೇ ಉಳಿಯಿತು.

"ನಿಮಗೆ ಇದು ಅವತ್ತೇ ಕಾಣಿಸ್ತು," ಎಂದಳು ಅವಳು, ಕಾಲಜ್ಞಾನಿಯತ್ತ ತಿರುಗಿ. "ಕಾಣಿಸಿಯೂ ಬಾಯಿ ಬಿಡಲಿಲ್ಲ."

"ಮೋಸ ಅಂದ್ಕೊಂಡೆ." ಅವನ ಜೋರು ದನಿ ಇಳಿದಿತ್ತು. "ಗಂಟಲು ಕಟ್ಟಿದೆ, ತುಟಿ ಆಡಿಸ್ತಿದಾಳೆ, ಮುಂದಿನ ವಾರ ಹಾಡೋಕಾಗದೆ ತಾನೇ ಹಿಂದೆ ಸರೀತಾಳೆ ಅಂದ್ಕೊಂಡು ಹೆಸರು ಬಿಟ್ಟೆ. ನೋವು ಅಂತ ಹೊಳೀಲೇ ಇಲ್ಲ. ಕಣ್ಣು ಹಿಂಡಿದ್ದನ್ನ ನಾಟಕ ಅಂದ್ಕೊಂಡೆ. ಆಮೇಲೆ ಸುದ್ದಿ ಬಂತು. ಹೇಳಬೇಕು ಅಂದ್ರೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾರೆ. ಹೇಗೆ ಅಂತ ಹೇಳಲಿ?"

"ಹೇಳಿಬಿಡ್ರೀ ಅಂತ ಅವತ್ತಿಂದ ಬಡ್ಕೋತಿದೀನಿ," ಎಂದಳು ಹೆಂಡತಿ. ಆದರೆ ಅವಳ ಮುಖ ಸೆರಗಿನಲ್ಲಿತ್ತು. ಅದು ಅವನಿಗೆ ತಲುಪಲಿಲ್ಲ.

ಇನ್ಸ್‌ಪೆಕ್ಟರ್ ಫೋನ್ ತೆಗೆದಳು. ಆ ತುಣುಕನ್ನು ಚಿತ್ರೀಕರಿಸಿ ಸಾಹೇಬರಿಗೆ ಕಳಿಸಿ, ಕರೆ ಮಾಡಿದಳು. ಅವರು ನೋಡಿದರು. ಮತ್ತೆ ನೋಡಿದರೆಂದು ಕಾಣುತ್ತದೆ.

"ಇನ್ನು ಆ ಹುಡುಗನನ್ನ ಕೂರಿಸಿಕೊಳ್ಳೋಕೆ ನಮಗೆ ಮುಖ ಇಲ್ಲಮ್ಮ," ಎಂದರು ಕೊನೆಗೆ. "ಕಳಿಸಿಬಿಡಿ. ಆ ಸೌಂಡ್‌ನವನನ್ನ ಎತ್ತಾಕ್ಕೊಂಡು ಬನ್ನಿ."

ಅವಳು ಠಾಣೆಗೆ ಕರೆ ಮಾಡಿ ಅವನನ್ನು ಬಿಟ್ಟುಬಿಡಿ ಎಂದು ರೈಟರ್‌ಗೆ ಹೇಳಿದಳು. ಹಾಗೆ ಹೇಳುವಾಗ ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು. ಭಾನುವಾರ ರಾತ್ರಿಯಿಂದ ಗುಬ್ಬಿಯ ಅಣ್ಣ ತುಟಿ ಪಿಟಕ್ಕೆನ್ನದೆ ಬೆಂಚಿನ ಮೇಲೆ ಕೂತಿದ್ದ. ಕೇಳಿದ್ದೆಲ್ಲ ಒಂದೇ: ತಂಗಿ ಎದ್ದಳಾ?

ಫೋನು ಕೆಳಗಿಡುವಷ್ಟರಲ್ಲಿ ಮತ್ತೆ ರಿಂಗಾಯಿತು. ಆಸ್ಪತ್ರೆಯ ಡಾಕ್ಟರ್.

"ಕಣ್ಣು ಬಿಟ್ಟಿದಾಳೆ. ಜಾಸ್ತಿ ಹೊತ್ತು ಎಚ್ಚರ ಇಡೋಕಾಗಲ್ಲ, ಇನ್ನೊಂದು ಆಪರೇಷನ್ ಇದೆ. ಏನೋ ಹೇಳಬೇಕು ಅಂತ ಒದ್ದಾಡ್ತಿದಾಳೆ. ಕುತ್ತಿಗೆಗೆ ನಳಿಗೆ ಹಾಕಿದೀವಲ್ಲ, ದನಿ ಬರಲ್ಲ. ನಳಿಗೆ ಕಿತ್ಕೋತಾಳೆ ಅಂತ ಕೈ ಕಟ್ಟಿದೀವಿ. ಬಿಚ್ಚಿ ಪೆನ್ ಕೊಟ್ರೆ ಹಿಡಿಯೋ ಶಕ್ತಿ ಇಲ್ಲ. ಬರೀ ತುಟಿ ಆಡಿಸ್ತಿದಾಳೆ. ನಮಗೆ ಯಾರಿಗೂ ಅರ್ಥ ಆಗ್ತಿಲ್ಲ."

ಇನ್ಸ್‌ಪೆಕ್ಟರ್ ತಲೆಯೆತ್ತಿದಳು. ಕಾಲಜ್ಞಾನಿ ಅವಳ ಮುಖವನ್ನೇ ನೋಡುತ್ತಿದ್ದ.

"ಬನ್ನಿ," ಎಂದಳು, ಒಂದೊಂದೇ ಅಕ್ಷರ ಬಿಡಿಸಿ. "ಅವಳು ಮಾತಾಡ್ತಿದಾಳೆ. ನಿಮಗೊಬ್ಬರಿಗೇ ಕೇಳಿಸೋದು."

ಅವನು ಕದಲಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸುಗಳು. ಬಾಗಿಲಲ್ಲಿ ಅವನದೇ ಪತ್ರಿಕೆಯ ವರದಿಗಾರರು. ಯಾಕೆ ಕರೆಸಿದರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಹೆಂಡತಿ ಎದ್ದು ಬಂದು ಅವನ ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಂಡಳು. ಏನೋ ಹೇಳಿದಳು. ದನಿಯಿಲ್ಲದೆ, ಬರೀ ತುಟಿಯಲ್ಲಿ. ಗಂಡಹೆಂಡಿರ ಆ ಮಾತು ಇನ್ಸ್‌ಪೆಕ್ಟರ್‌ಗೆ ತಿಳಿಯಲಿಲ್ಲ.

"ಚಪ್ಪಲಿ ಎಲ್ಲಿಟ್ಟಿದೀಯ ಇವಳೇ?" ಎಂದ ಕಾಲಜ್ಞಾನಿ.

ಜೀಪಿನಲ್ಲಿ ದೊಡ್ಡಪ್ಪ ಬಾಯಿಗೆ ಬೀಗ ಹಾಕಿಕೊಂಡಿದ್ದ. ಸಿಗ್ನಲ್ಲಿನಲ್ಲಿ ಮಾತ್ರ, ಕನ್ನಡಿಯಲ್ಲಿ ಹಿಂದಿನ ಸೀಟಿನವನ ಕಣ್ಣು ಸಿಕ್ಕಾಗ, ತಡೆಯಲಾರದೆ ನಿಧಾನಕ್ಕೆ ತುಟಿಯಾಡಿಸಿದ: "ನಮ್ಮನೆಯವಳಿಗೆ ಹೇಳಲ್ಲ ಸಾರ್."

ಕಾಲಜ್ಞಾನಿ ತಲೆ ಬಾಗಿಸಿದ.

ಗುಬ್ಬಿ ಮಲಗಿದ್ದ ಕೋಣೆಯಲ್ಲಿ ಪರದೆ ಎಳೆದಿದ್ದರು. ವೇದಿಕೆಯ ಮೇಲೆ ಸಣಕಲಾಗಿ ಕಂಡಿದ್ದವಳು ಹಾಸಿಗೆಯಲ್ಲಿ ಇನ್ನೂ ಚಿಕ್ಕವಳಾಗಿ ಕಂಡಳು. ಕುತ್ತಿಗೆಯ ಬುಡದಲ್ಲಿ, ಆ ಗುಳಿಯಿರಬೇಕಾದಲ್ಲಿ, ನಳಿಗೆ. ಎರಡು ಕೈಯನ್ನೂ ಮೆತ್ತನೆ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಕಣ್ಣು ತೆರೆದಿತ್ತು.

ತುಟಿ ಅಲುಗಿತು.

"ನೀರು ಕೇಳ್ತಿದಾಳೆ," ಎಂದ ಕಾಲಜ್ಞಾನಿ.

ನರ್ಸ್ ಬೆಚ್ಚಿ ಅವನನ್ನು ನೋಡಿದಳು. "ನೀರು ಕೊಡೋ ಹಾಗಿಲ್ಲ." ಒದ್ದೆ ಹತ್ತಿಯಿಂದ ಹುಡುಗಿಯ ತುಟಿ ಸವರಿದಳು. ಗುಬ್ಬಿಯ ಕಣ್ಣು ಕಾಲಜ್ಞಾನಿಯ ಮೇಲೆ ನೆಟ್ಟಿತು. ತನ್ನ ಮಾತು ಒಬ್ಬನಿಗೆ ತಲುಪಿತೆಂದು ಗೊತ್ತಾದವಳ ನೋಟ ಅದು.

ಇನ್ಸ್‌ಪೆಕ್ಟರ್ ಮಂಚದ ಮೇಲೆ ಬಾಗಿದಳು. "ಹೆದರಬೇಡಮ್ಮ. ಹಾಡೋಕೆ ಮುಂಚೇನೇ ನಿನಗೆ ಯಾರೋ ಏನೋ ಕೊಟ್ಟಿದಾರೆ ಅಂತ ನಮಗೆ ಗೊತ್ತಾಗಿದೆ. ನಿನ್ನ ಅಣ್ಣನದು ತಪ್ಪಿಲ್ಲ. ಅವನನ್ನ ಬಿಡ್ತಿದೀವಿ."

ಸಮಾಧಾನವಾಗಲೆಂದು ಹೇಳಿದ ಮಾತು. ಆದರೆ ಹುಡುಗಿಯ ಮೈ ಬಿಲ್ಲಿನಂತೆ ಸೆಟೆಯಿತು. ಕಟ್ಟಿದ ಕೈಗಳು ಸರಳನ್ನು ಜಗ್ಗಿದವು. ತಲೆಯ ಬಳಿಯ ಯಂತ್ರ ಕೂಗತೊಡಗಿತು. ತುಟಿಗಳು ಬಡಬಡನೆ ಆಡಿದವು, ಅದೇ ಆಕಾರ, ಮತ್ತೆ ಮತ್ತೆ.

ಕಾಲಜ್ಞಾನಿ ಒಂದು ಹೆಜ್ಜೆ ಹಿಂದೆ ಸರಿದ.

"ಏನಂತೆ?" ಇನ್ಸ್‌ಪೆಕ್ಟರ್ ಅವನ ಭುಜ ಹಿಡಿದು ತನ್ನತ್ತ ತಿರುಗಿಸಿದಳು. "ಏನು ಹೇಳ್ತಿದಾಳೆ?"

ಅವನು ಇನ್ನೊಮ್ಮೆ ಮಂಚದತ್ತ ನೋಡಿ ಖಚಿತಪಡಿಸಿಕೊಂಡ.

"ಅಣ್ಣನ್ನ ಬಿಡಬೇಡಿ ಅಂತಿದಾಳೆ. ಅವನನ್ನ ಹೊರಗೆ ಬಿಡಬೇಡಿ... ಬರೀ ಅದೇ."

"ಅವನಿಗೆ ಹೆದರ್ತಿದೀಯಾ ಪುಟ್ಟಿ? ಇಲ್ಲಾ ಅವನನ್ನ ಯಾರಾದ್ರೂ ಏನಾದ್ರೂ ಮಾಡ್ತಾರೆ ಅಂತಾನಾ?"

ಉತ್ತರ ಬರುವ ಮೊದಲೇ ನರ್ಸ್ ಡ್ರಿಪ್ಪಿಗೆ ಸೂಜಿ ಚುಚ್ಚಿದ್ದಳು. ಹುಡುಗಿಯ ರೆಪ್ಪೆ ಭಾರವಾಯಿತು. ತುಟಿ ಅರ್ಧ ತೆರೆದಂತೆಯೇ ನಿಂತಿತು.

ಇನ್ಸ್‌ಪೆಕ್ಟರ್ ಹೊರಗೆ ಓಡಿ ಠಾಣೆಗೆ ಕರೆ ಮಾಡಿದಳು.

"ರೈಟರ್, ಅವನನ್ನ ಕಳಿಸಬೇಡಿ. ಕೂರಿಸ್ಕೊಂಡಿರಿ."

"ಕಳಿಸಿ ಆಯ್ತಲ್ಲ ಮೇಡಂ," ಎಂದಿತು ಆಚೆಯ ದನಿ. "ನೀವು ಹೇಳಿದ ತಕ್ಷಣಾನೇ ಬಿಟ್ವಿ. ಯಾರೋ ಕಾರಲ್ಲಿ ಬಂದು ಕರ್ಕೊಂಡು ಹೋದ್ರು. ನಮ್ಮೋರೇ ಅಂತ ಅವನೇ ಹೇಳ್ದ. ತಂಗೀನ ನೋಡ್ಬೇಕು, ಆಸ್ಪತ್ರೆಗೇ ಹೋಗ್ತೀವಿ ಅಂತ ಹೊರಟ್ರು."

ಕಾರಿಡಾರಿನ ತುದಿಯಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಳ್ಳುತ್ತಿತ್ತು.